ಪಾರ್ಕಿನ ಗೇಟು ಬೆಳಗ್ಗೆ 11ಕ್ಕೂ ತೆಗೆದಿರಲಿ: ಪುರಸಭೆ, ನಗರಸಭೆಯವರಿಗೆ ಒಬ್ಬ ಟೈಲರಮ್ಮನ ಬಹಿರಂಗ ಪತ್ರ

ನಮ್ಮೂರಿನಂಥ ಸಣ್ಣ ಊರುಗಳ ಪುರಸಭೆ, ನಗರಸಭೆಯ ಅಧ್ಯಕ್ಷರಿಗೆ, ಸದಸ್ಯರಿಗೆ, ಮುಖ್ಯಾಧಿಕಾರಿಗಳಿಗೆ, ಪೌರಾಯುಕ್ತರಿಗೆ ನಮಸ್ಕಾರ.

ನಿಮ್ಮ ಪಾರ್ಕುಗಳ ಗೇಟಿನಲ್ಲಿ ಒಂದು ಬೋರ್ಡ್ ಇರುತ್ತದೆ. ನಮ್ಮೂರಿನದರಲ್ಲಿ ಬೆಳಗ್ಗೆ 5ರಿಂದ 9, ಸಂಜೆ 4ರಿಂದ 7 ಅಂತ ಬರೆದಿದೆ. ಈ ಸಮಯ ಗೊತ್ತು ಮಾಡಿದವರು ಯಾರೋ ನನಗೆ ತಿಳಿಯದು. ಅವರ ಮನೆಯಲ್ಲಿ ತಿಂಡಿ ಮಾಡುವವರು ಬೇರೆ ಯಾರೋ ಇದ್ದರು ಅನ್ನುವುದು ಮಾತ್ರ ಗ್ಯಾರಂಟಿ. ಬೆಳಗ್ಗೆ 5ರಿಂದ 9 ಅಂದರೆ ನಲ್ಲಿ ನೀರು ಹಿಡಿದು, ಹಾಲು ಕಾಯಿಸಿ, ತಿಂಡಿ ಮಾಡಿ, ಮಗಳಿಗೆ ಜಡೆ ಹಾಕಿ, ಡಬ್ಬಿ ಕಟ್ಟಿ, ಅತ್ತೆಗೆ ಬಿಪಿ ಮಾತ್ರೆ ಕೊಟ್ಟು, ಅಷ್ಟರಲ್ಲಿ ಕರೆಂಟ್ ಹೋಗಿ ಚಟ್ನಿ ಅರ್ಧಕ್ಕೆ ನಿಂತು ಹೋಗುವ ಹೊತ್ತು. ಸಂಜೆ 4ರಿಂದ 7 ಅಂದರೆ ಮಕ್ಕಳು ಸ್ಕೂಲಿನಿಂದ ಬಂದು, ದೀಪ ಹಚ್ಚಿ, ರಾತ್ರಿಗೆ ಒಲೆ ಹೊತ್ತಿಸುವ ಹೊತ್ತು. ಹೆಂಗಸರಿಗೆ ಸ್ವಲ್ಪ ಕೈ ಬಿಡುವಾಗುವುದು ಹತ್ತೂವರೆಯಿಂದ ಹನ್ನೆರಡೂವರೆ ತನಕ. ಆಗ ಗೇಟಿಗೆ ಬೀಗ.

ನಾನು ಕೇಳುವುದು ಮುಖ್ಯವಾಗಿ ಇದೊಂದೇ, ಆ ಬೀಗ ತೆಗೆಯಿರಿ. ಯಾಕೆ ತೆಗೆಯಬೇಕು, ತೆಗೆದ ಮೇಲೆ ಒಳಗೆ ಏನಿದ್ದರೆ ಉಪಯೋಗ ಅನ್ನುವುದನ್ನೂ ಬರೆದಿದ್ದೇನೆ. ಸ್ವಲ್ಪ ಉದ್ದ ಆಗಿದೆ, ಓದಿ.

ನಾನು ಡಾಕ್ಟರಲ್ಲ, ಜಿಮ್ ಟ್ರೇನರೂ ಅಲ್ಲ. ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಅಂಗಡಿಯ ಒಂದು ಕಡೆ ನಾನು ರವಿಕೆ, ಚೂಡಿದಾರ ಹೊಲಿಯುತ್ತೇನೆ, ಇನ್ನೊಂದು ಕಡೆ ನಮ್ಮ ಯಜಮಾನರು ಪ್ಯಾಂಟು ಶರ್ಟು ಹೊಲಿಯುತ್ತಾರೆ. ಹಾಗಾಗಿ ಊರಿನ ಗಂಡಸರು ಹೆಂಗಸರು ಇಬ್ಬರ ಅಳತೆಯೂ ನಮ್ಮ ಪುಸ್ತಕದಲ್ಲಿದೆ. ಅಳತೆ ಕೊಡುವಾಗ ಗಂಡಸರು ಹೊಟ್ಟೆ ಒಳಗೆಳೆದುಕೊಂಡು ನಿಲ್ಲುತ್ತಾರೆ. ನಮ್ಮ ಯಜಮಾನರು ಏನೂ ಮಾತಾಡದೆ ಟೇಪು ಹಿಡಿದು ಕಾಯುತ್ತಾರೆ, ಎಷ್ಟು ಹೊತ್ತು ಅಂತ ಉಸಿರು ಕಟ್ಟಿಕೊಂಡಿರುತ್ತಾರೆ, ಬಿಡಲೇಬೇಕಲ್ಲ. ಹೆಂಗಸರು ಮೂರು ನಾಲ್ಕು ವರ್ಷ ಹಳೆಯ ಅಳತೆ ರವಿಕೆ ತರುತ್ತಾರೆ. "ಇದರ ಅಳತೆಗೇ ಹೊಲೀರಿ ಅಕ್ಕ, ವಾಕಿಂಗ್ ಶುರು ಮಾಡ್ತಿದ್ದೀನಿ, ಇಳೀತೀನಿ" ಅನ್ನುತ್ತಾರೆ. ನಾನು ಹೂಂ ಅಂದು, ಒಳಗೆ ಎರಡೂ ಕಡೆ ಒಂದೊಂದು ಇಂಚು ಬಟ್ಟೆ ಬಿಟ್ಟೇ ಹೊಲಿಯುತ್ತೇನೆ.

ದಪ್ಪ ಸಣ್ಣ ನನಗೆ ದೊಡ್ಡ ವಿಷಯ ಅಲ್ಲ. ಯಾವ ಮೈಗೂ ಚೆಂದದ ಬಟ್ಟೆ ಹೊಲಿಯಬಹುದು. ನನಗೆ ಯೋಚನೆ ಆಗುವುದು ಬೇರೆ ವಿಷಯಕ್ಕೆ. ತೋಳಿನ ಅಳತೆಗೆ ಕೈ ಎತ್ತಿ ಅಂದರೆ, 45 ದಾಟಿದ ಎಷ್ಟೋ ಹೆಂಗಸರು ಭುಜದ ಮಟ್ಟಕ್ಕೆ ಎತ್ತಿ, "ಇಷ್ಟೇ ಆಗೋದು ಕಣಮ್ಮಾ" ಅಂತ ನಿಲ್ಲುತ್ತಾರೆ. ಸಕ್ಕರೆ ಕಾಯಿಲೆ ಇರುವವರಿಗೆ ಭುಜ ಹಿಡಿದುಕೊಳ್ಳುವುದು ಜಾಸ್ತಿ, ಅದೂ ಇರಬಹುದು. ಹಿಂದೆ ಹುಕ್ ಇರುವ ರವಿಕೆ ಇಷ್ಟಪಡುತ್ತಿದ್ದವರು ಈಗ "ಕೈ ಹಿಂದಕ್ಕೆ ಹೋಗಲ್ಲ, ಮುಂದೇನೇ ಇಡಿ" ಅನ್ನುತ್ತಾರೆ. ಫಾಲ್ಸ್ ಬಟ್ಟೆ ಆರಿಸೋಣ ಅಂತ ಚಾಪೆ ಮೇಲೆ ಕೂರಿಸಿದರೆ ಏಳುವುದಕ್ಕೆ ಗೋಡೆ ಬೇಕು, ಇಲ್ಲದಿದ್ದರೆ ನನ್ನ ಕೈ ಬೇಕು. ಇವರು ಮುದುಕಿಯರಲ್ಲ. ಇವರಿಗೆ ಇನ್ನೂ 30 ವರ್ಷ ಬದುಕುವುದಿದೆ. ಆ 30 ವರ್ಷ ನೆಲಕ್ಕೆ ಕೂತು ಏಳುವುದಕ್ಕೆ ಆಗದೆ, ಅಟ್ಟದ ಮೇಲಿನ ಡಬ್ಬಿ ತೆಗೆಯುವುದಕ್ಕೆ ಆಗದೆ, ಬಸ್ಸಿನ ಮೆಟ್ಟಿಲಿಗೆ ಹೆದರಿಕೊಂಡು ಬದುಕಬೇಕಾ?

ನಮ್ಮೂರೊಂದರ ಕಥೆಯಲ್ಲ ಇದು. ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ 2024ರಲ್ಲಿ ಬಂದ ಲೆಕ್ಕದ ಪ್ರಕಾರ, 2022ರಲ್ಲಿ ಭಾರತದ ವಯಸ್ಕರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಬೇಕಾದಷ್ಟು ಮೈ ಆಡಿಸುತ್ತಿರಲಿಲ್ಲ. ಗಂಡಸರಲ್ಲಿ ಶೇ. 42, ಹೆಂಗಸರಲ್ಲಿ ಶೇ. 57. ಬೇಕಾದಷ್ಟು ಅಂದರೆ ಮಹಾ ಏನೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ, ಸ್ವಲ್ಪ ಏದುಸಿರು ಬರುವಂಥ ನಡಿಗೆಯೋ ಸೈಕಲ್ಲೋ ಏನೋ ಒಂದು. ಅದರ ಜೊತೆ ವಾರಕ್ಕೆ ಎರಡು ದಿನವಾದರೂ ಮಾಂಸಖಂಡಗಳಿಗೆ ಬಲ ಕೊಡುವ ವ್ಯಾಯಾಮ. ಈ ಎರಡನೆಯದನ್ನು ನಮ್ಮಲ್ಲಿ ಯಾರೂ ಬಾಯಿ ಬಿಟ್ಟು ಹೇಳುವುದೇ ಇಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಇನ್ನೊಂದು ಲೆಕ್ಕ ನೋಡಿ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ಕೊಡುವ ಸಮಯ ದಿನಕ್ಕೆ ಸರಾಸರಿ 289 ನಿಮಿಷ. ಗಂಡಸರದ್ದು 88. ಆ 88 ಕೂಡ ಮನೆಗೆಲಸ ಮಾಡುವ ಗಂಡಸರ ಸರಾಸರಿ, ಲೋಟವನ್ನೂ ಎತ್ತಿಡದವರು ಅದರಲ್ಲಿ ಸೇರಿಲ್ಲ! ಅಂದರೆ ಮನೆಗೆ ದಿನಕ್ಕೆ 289 ನಿಮಿಷ ಕೊಡುವವಳು ತನ್ನ ಮೈಗೆ ವಾರಕ್ಕೆ 150 ನಿಮಿಷ ಹುಡುಕಬೇಕು, ಅದೂ ನೀವು ಬೋರ್ಡ್ ಮೇಲೆ ಬರೆದ ಹೊತ್ತಿನಲ್ಲೇ. "ನಮ್ಮ ಹೆಂಗಸರಿಗೆ ಸೋಮಾರಿತನ" ಅಂತ ಯಾರಾದರೂ ಹೇಳಿದರೆ ನನಗೆ ಮೈ ಉರಿಯುತ್ತದೆ.

ಮನೆ ಕೆಲಸ ಮಾಡಿದರೆ ಸಾಕು, ಅದೇ ವ್ಯಾಯಾಮ ಅನ್ನುವವರೂ ಇದ್ದಾರೆ. ಇದನ್ನು ಹೆಂಗಸರೇ ಜಾಸ್ತಿ ಹೇಳುತ್ತಾರೆ. ಗುಡಿಸಿ ಒರೆಸುವುದು, ಬಟ್ಟೆ ಒಗೆಯುವುದು ಮೈ ಆಡಿಸುವ ಕೆಲಸ ನಿಜ, ಅದನ್ನು ಲೆಕ್ಕಕ್ಕೆ ಹಿಡಿಯಬೇಕಾದದ್ದೇ. ಆದರೆ ಮಾಂಸಖಂಡಕ್ಕೆ ಬಲ ಬರುವುದು ಭಾರ ಸ್ವಲ್ಪ ಸ್ವಲ್ಪವಾಗಿ ಜಾಸ್ತಿ ಆದಾಗ, ಮಧ್ಯೆ ವಿಶ್ರಾಂತಿ ಸಿಕ್ಕಾಗ, ಹೊಟ್ಟೆಗೆ ಸರಿಯಾಗಿ ಬಿದ್ದಾಗ. ಮನೆ ಕೆಲಸದಲ್ಲಿ ಈ ಮೂರೂ ಇರುವುದಿಲ್ಲ. ಅದೇ ಬಕೆಟ್ಟು, ಅದೇ ಬಗ್ಗುವಿಕೆ, ಅದೇ ಸೊಂಟ, ಇಪ್ಪತ್ತು ವರ್ಷ. ಇನ್ನು ನಾಟಿ, ಕಳೆ, ಕಟ್ಟಡ ಕೆಲಸಕ್ಕೆ ಹೋಗುವ ಹೆಂಗಸರಿಗೆ ನಾನು ವ್ಯಾಯಾಮ ಮಾಡಿ ಅಂತ ಉಪದೇಶ ಮಾಡಲಾರೆ. ಅವರಿಗೆ ಬೇಕಿರುವುದು ಇನ್ನೊಂದು ಗಂಟೆಯ ಬೆವರಲ್ಲ, ಕೂಲಿ, ಮೊಟ್ಟೆ, ನಿದ್ದೆ, ಆಮೇಲೆ ಬೇಕಾದರೆ ಬೆನ್ನು ಸಡಿಲ ಮಾಡಿಕೊಳ್ಳುವುದಕ್ಕೆ ಒಂದು ತಂಪು ಜಾಗ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಜನಕ್ಕೆ ರಕ್ತಹೀನತೆ ಇತ್ತು. ರಕ್ತ ಇಲ್ಲದ ಮೈಗೆ ಓಡು ಅನ್ನುವ ಮೊದಲು ಕಬ್ಬಿಣದ ಮಾತ್ರೆ ಕೊಡಬೇಕು.

ಈಗ ಬಲದ ವಿಷಯ. ಹೆಂಗಸರು ಭಾರ ಎತ್ತಬಾರದು, ಗಂಡಸಿನ ಹಾಗೆ ಆಗುತ್ತಾರೆ ಅಂತ ನಮ್ಮ ಕಡೆ ಇನ್ನೂ ಹೇಳುತ್ತಾರೆ. ಗಂಡಸಿನ ಹಾಗೆ ತೋಳು ಉಬ್ಬುವುದಕ್ಕೆ ಬೇಕಾದ ಟೆಸ್ಟೋಸ್ಟಿರಾನ್ ಅನ್ನುವ ಹಾರ್ಮೋನು ಹೆಂಗಸರ ಮೈಯಲ್ಲಿ ಬಹಳ ಕಡಿಮೆ, ಹಾಗಾಗಿ ಆ ಭಯ ಬೇಡ. ಅದೂ ಅಲ್ಲದೆ, ಮನೆಗೆ ಬರುವ ಗ್ಯಾಸ್ ಸಿಲಿಂಡರ್ ಎಷ್ಟು ತೂಕ ಗೊತ್ತಾ? ಒಳಗಿನ ಗ್ಯಾಸೇ 14.2 ಕಿಲೋ, ಕಬ್ಬಿಣ ಸೇರಿದರೆ ಸುಮಾರು 30 ಕಿಲೋ. ಅದನ್ನು ಬಾಗಿಲಿನಿಂದ ಅಡುಗೆಮನೆ ತನಕ ಉರುಳಿಸಿ, ತಿರುಗಿಸಿ, ನಿಲ್ಲಿಸುವವರು ಯಾರು? ಬಿಂದಿಗೆ ಹೊರುವಾಗ, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಇನ್ನೊಂದು ಕೈಯಲ್ಲಿ ರೇಷನ್ ಅಕ್ಕಿ ಎತ್ತುವಾಗ ಯಾರೂ ತಡೆಯುವುದಿಲ್ಲ. ಡಂಬೆಲ್ ಹಿಡಿದ ಕೂಡಲೇ ಎಲ್ಲರಿಗೂ ನಮ್ಮ ಗರ್ಭಕೋಶದ ಚಿಂತೆ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಹೆಂಗಸರಿಗೆ ವೇಟ್‌ಲಿಫ್ಟಿಂಗ್ ಇಟ್ಟರು, ಅದೇ ವರ್ಷ ಕರ್ಣಂ ಮಲ್ಲೇಶ್ವರಿ ಕಂಚು ತಂದರು. ಒಲಿಂಪಿಕ್ಸ್‌ನಲ್ಲಿ ಭಾರತದ ಹೆಂಗಸಿಗೆ ಸಿಕ್ಕ ಮೊದಲ ಪದಕ ಅದು, ಭಾರ ಎತ್ತಿ ಸಿಕ್ಕಿದ್ದು. ನಮ್ಮ ಹೆಂಗಸರಿಗೆ ಪದಕ ಬೇಡ. ಮುಟ್ಟು ನಿಂತ ಮೇಲೆ ಮೂಳೆ ಬೇಗ ಬೇಗ ಸವೆಯುತ್ತದೆ, ಮೈ ಮೇಲೆ ಭಾರ ಬೀಳುವ ವ್ಯಾಯಾಮ ಅದನ್ನು ನಿಧಾನ ಮಾಡುತ್ತದೆ. ತೊಡೆ ಗಟ್ಟಿಯಾದರೆ ಮಂಡಿ ನೋವು ಕಡಿಮೆ ಆಗುತ್ತದೆ. ಊಟದ ಸಕ್ಕರೆಯನ್ನು ಜಾಸ್ತಿ ಎಳೆದುಕೊಳ್ಳುವುದು ಮಾಂಸಖಂಡ, ಹಾಗಾಗಿ ಸಕ್ಕರೆ ಕಾಯಿಲೆಗೂ ಇದೇ ಮದ್ದು, ಮಾತ್ರೆಯ ಜೊತೆಗೆ.

ನೀವು ಹಾಕಿಸಿರುವ ಓಪನ್ ಜಿಮ್ ಬಗ್ಗೆ ನಾಲ್ಕು ಮಾತು. ಹಳದಿ ನೀಲಿ ಬಣ್ಣದ ಆ ಕಬ್ಬಿಣದ ಉಪಕರಣಗಳು ಉದ್ಘಾಟನೆಯ ಫೋಟೋದಲ್ಲಿ ಚೆನ್ನಾಗಿ ಬರುತ್ತವೆ. ಗಾಳಿಯಲ್ಲಿ ಕಾಲು ಬೀಸುವುದು, ತಟ್ಟೆಯ ಮೇಲೆ ನಿಂತು ಸೊಂಟ ತಿರುಗಿಸುವುದು. ಕೆಲವು ತಿಂಗಳಿಗೆ ಬೇರಿಂಗ್ ಹೋಗಿ ಕಿರ್ ಅನ್ನುತ್ತವೆ, ಆಮೇಲೆ ಮಕ್ಕಳ ಜೋಕಾಲಿ. ಮಳೆಗೆ ತುಕ್ಕು ಹಿಡಿದು ನಟ್ಟು ಬಿದ್ದು ಹೋಗುವುದು ಒಂದು ಕಡೆ ಇರಲಿ. ಅವುಗಳಲ್ಲಿ ಹೆಚ್ಚಿನವುಗಳ ಭಾರ ಹೆಚ್ಚು ಕಡಿಮೆ ಮಾಡುವುದಕ್ಕೆ ಬರುವುದಿಲ್ಲ. ಮೊದಲ ದಿನ ಎಷ್ಟು ಕಷ್ಟವೋ ವರ್ಷದ ಮೇಲೂ ಅಷ್ಟೇ, ಮೈಗೆ ಒಂದು ಸಲ ಅಭ್ಯಾಸ ಆದರೆ ಮುಗಿಯಿತು. ಅದೇ ದುಡ್ಡಿನಲ್ಲಿ ಬೇರೆ ಬೇರೆ ಎತ್ತರದ ಕಬ್ಬಿಣದ ಸರಳುಗಳು, ಹತ್ತಿ ಇಳಿಯುವುದಕ್ಕೆ ಗಟ್ಟಿ ಮೆಟ್ಟಿಲು, ಹಿಡಿದುಕೊಳ್ಳುವುದಕ್ಕೆ ಕಂಬಿ, ಬೇರೆ ಬೇರೆ ತೂಕದ ಕಲ್ಲು ಗುಂಡು ಇಟ್ಟರೆ ಸಾಕು. ಕೆಡುವುದಕ್ಕೆ ಅದರಲ್ಲಿ ಏನೂ ಇಲ್ಲ.

ಕಲ್ಲು ಗುಂಡು ಅಂದರೆ ನಗಬೇಡಿ. ಉತ್ತರ ಕರ್ನಾಟಕದ ಊರುಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಸ್ಪರ್ಧೆ ಜಾತ್ರೆಯಲ್ಲಿ ಇಂದಿಗೂ ನಡೆಯುತ್ತದೆ. ದಾವಣಗೆರೆ, ಧಾರವಾಡ, ಮೈಸೂರಿನ ಗರಡಿ ಮನೆಗಳಲ್ಲಿ ದಂಡ, ಬಸ್ಕಿ, ಗದೆ ತಿರುಗಿಸುವುದು, ಕೆಮ್ಮಣ್ಣಿನ ಮೇಲೆ ಸಾಮು ಇವೆಲ್ಲ ಯಾವ ಟ್ರೇನರೂ ಬರುವ ಮೊದಲೇ ಇದ್ದವು. ಬಸ್ಕಿಯನ್ನು ಈಗ ಸ್ಕ್ವಾಟ್ ಅಂದು ತಿಂಗಳಿಗೆ ಸಾವಿರಗಟ್ಟಲೆ ಫೀಸು ತೆಗೆದುಕೊಳ್ಳುತ್ತಾರೆ. ಆದರೆ ಗರಡಿಯ ಬಾಗಿಲು ಹೆಂಗಸರಿಗೆ ಇರಲಿಲ್ಲ ಅನ್ನುವುದನ್ನೂ ಹೇಳಬೇಕು. ಹಳೆಯದೆಲ್ಲ ಚಿನ್ನ ಅನ್ನುವವಳಲ್ಲ ನಾನು. ಮೈಸೂರು ದಸರಾ ಕುಸ್ತಿಯಲ್ಲಿ ಈಗ ಹುಡುಗಿಯರಿಗೂ ದಸರಾ ಕಿಶೋರಿ ಅಂತ ಬಿರುದು ಇದೆ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಸಾಕ್ಷಿ ಮಲಿಕ್ ಕುಸ್ತಿಯಲ್ಲೇ ಕಂಚು ಗೆದ್ದರು. ನಿಮ್ಮ ಊರಿನ ಹಳೇ ಗರಡಿ ಬೀಳುವ ಸ್ಥಿತಿಯಲ್ಲಿದ್ದರೆ ರಿಪೇರಿಗೆ ದುಡ್ಡು ಕೊಡಿ, ಕೊಡುವಾಗ ವಾರಕ್ಕೆ ಮೂರು ದಿನ ಹುಡುಗಿಯರಿಗೆ ಅಂತ ಷರತ್ತು ಹಾಕಿ. ಉಸ್ತಾದರು ಮೊದಲು ಮುಖ ಸಿಂಡರಿಸಬಹುದು. ತಮ್ಮ ಮೊಮ್ಮಗಳೇ ಬಂದು ನಿಂತರೆ ಸರಿ ಹೋಗುತ್ತಾರೆ.

ಹುಡುಗಿಯರ ವಿಷಯಕ್ಕೆ ಬಂದೆ, ಇಲ್ಲಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಏಳನೇ ಕ್ಲಾಸಿನ ತನಕ ಖೋ ಖೋ ಆಡುವ ಹುಡುಗಿ ಎಂಟನೇ ಕ್ಲಾಸಿಗೆ ಬಂದಾಗ ಆಟ ಬಿಡುತ್ತಾಳೆ. ಮನೆಯವರು ಬೇಡ ಅನ್ನುವುದು ಒಂದು ಕಾರಣ, ಶೌಚಾಲಯ ಇಲ್ಲದಿರುವುದು ಇನ್ನೊಂದು. ಯಾರೂ ಹೇಳದ ಮೂರನೇ ಕಾರಣ ನನಗೆ ಅಂಗಡಿಯಲ್ಲಿ ಗೊತ್ತಾಗುತ್ತದೆ. ಓಡುವಾಗ ಎದೆ ಕುಣಿಯುತ್ತದೆ, ನೋಯುತ್ತದೆ, ಬೇಲಿ ಮೇಲೆ ಕೂತ ಹುಡುಗರು ನೋಡುತ್ತಾರೆ. ಓಡುವುದಕ್ಕೆ ಅಂತಲೇ ಬಿಗಿಯಾದ ಬ್ರಾ ಇದೆ, ನಮ್ಮ ಸಂತೆಯಲ್ಲಿ ಸಿಗುವುದಿಲ್ಲ, ಸಿಕ್ಕರೂ ಅಪ್ಪನ ಹತ್ತಿರ ದುಡ್ಡು ಕೇಳುವುದಕ್ಕೆ ನಾಚಿಕೆ. ತಾಯಂದಿರು ಬಂದು "ಇವಳ ಕಮೀಜು ಸ್ವಲ್ಪ ದೊಗಳೆ ಇಡಿ" ಅನ್ನುತ್ತಾರೆ, ದೊಗಳೆ ಬಟ್ಟೆ ಹಾಕಿಕೊಂಡು ಆ ಹುಡುಗಿ ಭುಜ ಕುಗ್ಗಿಸಿ ನಡೆಯುವುದನ್ನು ಕಲಿಯುತ್ತಾಳೆ, ನಲವತ್ತಕ್ಕೆ ಅದೇ ಭುಜ ಹಿಡಿದುಕೊಂಡು ನನ್ನ ಅಂಗಡಿಗೆ ಬರುತ್ತಾಳೆ. ನೀವು ಕ್ರೀಡಾ ಸಾಮಗ್ರಿ ಅಂತ ಶಾಲೆಗಳಿಗೆ ಚೆಂಡು, ಬ್ಯಾಟು ಕೊಡುತ್ತೀರಲ್ಲ, ಅದರ ಜೊತೆಗೆ ಇದನ್ನೂ ಸೇರಿಸಿ. ಟೆಂಡರ್‌ನಲ್ಲಿ ಹೆಸರು ಬರೆಯುವುದಕ್ಕೆ ಸಂಕೋಚ ಆದರೆ ಓಟದ ಒಳಉಡುಪು ಅಂತ ಬರೆಯಿರಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಖೋ ಖೋ ವಿಶ್ವಕಪ್ಪನ್ನು ಗೆದ್ದ ಭಾರತದ ಮಹಿಳಾ ತಂಡದಲ್ಲಿ ಟಿ. ನರಸೀಪುರ ತಾಲೂಕಿನ ಚೈತ್ರಾ ಇದ್ದರು. ಹಳ್ಳಿಯ ಹುಡುಗಿಗೆ ಕಾಲಿಲ್ಲ ಅಂತೇನೂ ಇಲ್ಲ, ನೋಡಿ.

ಗಂಡಸರನ್ನು ನಾನು ಮರೆತಿಲ್ಲ. ಅವರ ಪಾಡೂ ಏನು ಚೆನ್ನಾಗಿಲ್ಲ. ಇಪ್ಪತ್ತರ ಹುಡುಗರು ಜಿಮ್ಮಿಗೆ ಹೋಗುತ್ತಾರೆ, ಕನ್ನಡಿ ಮುಂದೆ ಮೊಬೈಲ್ ಹಿಡಿದು ತೋಳು ನೋಡಿಕೊಳ್ಳುತ್ತಾರೆ, ಡಬ್ಬಿ ಪುಡಿ ಸಾಲದು ಅಂತ ಯಾರೋ ಕೊಟ್ಟ ಇಂಜೆಕ್ಷನ್ನು ತೆಗೆದುಕೊಳ್ಳುತ್ತಾರೆ. ಸ್ಟೀರಾಯ್ಡ್ ಹೃದಯಕ್ಕೂ ಕೆಟ್ಟದ್ದು, ಮಕ್ಕಳಾಗುವುದಕ್ಕೂ ಕೆಟ್ಟದ್ದು ಅಂತ ಅವರಿಗೆ ಹೇಳುವವರಿಲ್ಲ. ಮದುವೆ ಆಯಿತು, ಜಿಮ್ ನಿಂತಿತು. ಮೂವತ್ತೈದಕ್ಕೆ ಪ್ಯಾಂಟಿನ ಸೊಂಟ ಹೊಟ್ಟೆಯ ಕೆಳಗೆ ಇಳಿಯುತ್ತದೆ. ನಮ್ಮ ಯಜಮಾನರು ಹುಡುಗರಾಗಿದ್ದಾಗ ವಾಲಿಬಾಲ್ ಆಡುತ್ತಿದ್ದ ಮೈದಾನ ಈಗ ಅರ್ಧ ಸೈಟು, ಉಳಿದರ್ಧ ಲಾರಿ ನಿಲ್ಲಿಸುವ ಜಾಗ. ಸಮಾವೇಶಗಳಿಗೆ ಅಂತ ಗುಂಡಿ ತೋಡಿ ಕಂಬ ನೆಟ್ಟವರು ಗುಂಡಿ ಮುಚ್ಚುವುದಿಲ್ಲ. ಸಂಜೆ ಆಡುವುದಕ್ಕೆ ಜಾಗ ಇಲ್ಲದ ಗಂಡಸರು ಎಲ್ಲಿ ಸೇರುತ್ತಾರೆ ಅಂತ ನಿಮಗೂ ಗೊತ್ತು, ನಮಗೂ ಗೊತ್ತು. ಅಲ್ಲಿಗೆ ಲೈಸೆನ್ಸ್ ಇದೆ, ಲೈಟೂ ಇದೆ.

ಭಯದ ವಿಷಯವೂ ಒಂದಿದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗ ಊರೂರಲ್ಲಿ ಜಿಮ್ ಅಂದರೆ ಹೆದರಿಕೆ ಹುಟ್ಟಿತು. 2025ರಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿ ಸಾಲಾಗಿ ಬಂದಾಗ ಜಯದೇವ ಆಸ್ಪತ್ರೆ ಮುಂದೆ ಜನ ಕ್ಯೂ ನಿಂತರು. ಅಷ್ಟು ಫಿಟ್ ಆಗಿದ್ದವರೇ ಹೋದರು, ನಮ್ಮದೇನು ಅಂತ ವಾಕಿಂಗ್ ಕೂಡ ಬಿಟ್ಟವರಿದ್ದಾರೆ. ಅದು ತಪ್ಪು ಲೆಕ್ಕ. ಅಭ್ಯಾಸವಿಲ್ಲದ ಮೈಯನ್ನು ಒಂದೇ ದಿನ ಜೋರಾಗಿ ದುಡಿಸಿದರೆ ಅಪಾಯ, ನಿಧಾನವಾಗಿ ಏರಿಸುತ್ತಾ ದಿನವೂ ಮಾಡಿದರೆ ಹೃದಯಕ್ಕೆ ಒಳ್ಳೆಯದು, ಇದರಲ್ಲಿ ಡಾಕ್ಟರುಗಳಿಗೆ ಎರಡು ಮಾತಿಲ್ಲ. ಬಿಪಿ, ಸಕ್ಕರೆ ಇರುವವರು, ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇದ್ದವರು ಶುರು ಮಾಡುವ ಮೊದಲು ತೋರಿಸಿಕೊಳ್ಳಬೇಕು. ಅಪ್ಪು ಹೆಸರಲ್ಲೇ ಸರ್ಕಾರದ ಹೃದಯ ಜ್ಯೋತಿ ಯೋಜನೆ ಇದೆ, ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುತ್ತಾರೆ. ಎದೆ ಭಾರ, ಎಡಗೈ ನೋವು, ಸುಮ್ನೆ ಬೆವರು ಬಂದರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಕೂರಬಾರದು ಅಂತ ಪಾರ್ಕಿನಲ್ಲಿ ಒಂದು ಬೋರ್ಡ್ ಹಾಕಿಸಿ. ನಿಮ್ಮ ಫೋಟೋ ಹಾಕುವ ಜಾಗದಲ್ಲಿ ಹಾಕಿಸಿದರೂ ಆಯಿತು.

ಪಾರ್ಕು ಮುಚ್ಚಿರುವಾಗ ನೀವೇನು ಮಾಡುತ್ತೀರಿ ಅಂತ ಕೇಳಬಹುದು. ನಾವು ಕೆಲವು ಜನ ನಮ್ಮ ಅಂಗಡಿಯ ಮೇಲಿನ ತಾರಸಿಯಲ್ಲಿ ಸೇರುತ್ತೇವೆ. ಹೂ ಮಾರುವ ಅಕ್ಕ, ರಿಟೈರ್ ಆದ ನರ್ಸಮ್ಮ, ಎರಡು ಮನೆ ಆಚೆಯ ಸೊಸೆ, ಅವಳ ಅತ್ತೆ. ಇಬ್ಬರೂ ಒಟ್ಟಿಗೆ ಬರುತ್ತಾರೆ, ಮನೆಯಲ್ಲಿ ಮಾತಿಲ್ಲದಿದ್ದರೂ! ನಾನು ಹಳೇ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ, ಎರಡೆರಡು ಹೊಲಿಗೆ ಹಾಕಿ, ಮರಳು ತುಂಬಿ ಚೀಲ ಮಾಡಿದ್ದೇನೆ. ಎರಡು ಕಿಲೋದ್ದು, ಐದರದ್ದು, ಹತ್ತರದ್ದು. ಒಳಗೆ ಪ್ಲಾಸ್ಟಿಕ್ ಕವರ್ ಹಾಕದಿದ್ದರೆ ಮರಳು ಸೋರುತ್ತದೆ, ಮಾಡಿಕೊಳ್ಳುವವರು ನೆನಪಿಡಿ. ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆಗೆ ದಂಡ ಹೊಡೆಯುವುದು, ಚೀಲವನ್ನು ನೆಲದಿಂದ ಎದೆಗೆ, ಎದೆಯಿಂದ ತಲೆ ಮೇಲಕ್ಕೆ ಎತ್ತುವುದು. ಹೊಲಿಗೆ ಮೆಷಿನ್ನಿಗೆ ಮೋಟಾರು ಬಂದ ಮೇಲೆ ನನಗಂತೂ ಕಾಲು ತುಳಿಯುವ ಕೆಲಸವೂ ಹೋಗಿತ್ತು, ಸಂಜೆ ಹೊತ್ತಿಗೆ ಪಾದ ಊದುತ್ತಿತ್ತು, ಕತ್ತು ಕಲ್ಲಾಗುತ್ತಿತ್ತು. ಈಗ ಊತ ಕಡಿಮೆ. ತೂಕ ಹೇಳಿಕೊಳ್ಳುವಷ್ಟೇನೂ ಇಳಿ‌ದಿಲ್ಲ, ಇಳಿಯಲೇಬೇಕು ಅಂತ ನನಗೆ ಈಗ ಹಠವೂ ಇಲ್ಲ.

ನಿಜ ಹೇಳಬೇಕೆಂದರೆ ಮಂಡಿ, ಸಕ್ಕರೆ, ಮೂಳೆ ಇವೆಲ್ಲ ನಿಮ್ಮನ್ನು ಒಪ್ಪಿಸುವುದಕ್ಕೆ ಬರೆದದ್ದು. ತಾರಸಿಗೆ ಹೆಂಗಸರು ಮತ್ತೆ ಮತ್ತೆ ಬರುವುದು ಅದಕ್ಕಲ್ಲ. ಹೂವಿನ ಅಕ್ಕ ಹತ್ತು ಕಿಲೋ ಚೀಲವನ್ನು ಮೊದಲ ಸಲ ತಲೆ ಮೇಲೆ ಎತ್ತಿದಾಗ ಜೋರಾಗಿ ನಕ್ಕರು, ಕೆಳಗೆ ಬೀದಿಯವರು ಕತ್ತೆತ್ತಿ ನೋಡುವಷ್ಟು. ಬದುಕಿಡೀ ಭಾರ ಹೊತ್ತವರು ಅವರು. ಗಂಡ ಬಿಟ್ಟು ಹೋದ ಮೇಲೆ ಮೂರು ಮಕ್ಕಳನ್ನು ಓದಿಸಿದವರು. ಯಾರ ಊಟಕ್ಕೂ ಅಲ್ಲದ, ಯಾರಿಗೂ ಕೊಡಬೇಕಾಗಿಲ್ಲದ, ಎತ್ತಿದರೂ ಬಿಟ್ಟರೂ ಯಾರೂ ಕೇಳದ ಒಂದು ಚೀಲ ಎತ್ತುವುದು ಅವರಿಗೆ ಆಟ. ಆಟ ಆಡಿ ಎಷ್ಟು ವರ್ಷ ಆಗಿತ್ತೋ. ಇವತ್ತು ಐದು ಕಿಲೋ, ಮುಂದಿನ ತಿಂಗಳು ಏಳು ಅನ್ನುವುದು ಅವರದೇ ಲೆಕ್ಕ. ಅಲ್ಲಿ ಅತ್ತೆ, ಸೊಸೆ, ಅಮ್ಮ ಅಂತ ಯಾರೂ ಕೂಗುವುದಿಲ್ಲ, ಹೆಸರು ಹಿಡಿದು ಕೂಗುತ್ತೇವೆ. ಆ ಅತ್ತೆಯ ಹೆಸರು ಸೊಸೆಯ ಬಾಯಲ್ಲಿ ಬಂದಾಗ ಇಬ್ಬರಿಗೂ ನಗು ತಡೆಯುವುದಕ್ಕೆ ಆಗಲಿಲ್ಲ.

ವ್ಯಾಯಾಮ ಮಾಡಿದರೆ ಬಾಳು ಬಂಗಾರ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಸಂಘದ ಸಾಲ ಹಾಗೇ ಇರುತ್ತದೆ, ಕುಡಿಯುವವರು ಕುಡಿದೇ ಬರುತ್ತಾರೆ. ಮನಸ್ಸು ಪೂರ್ತಿ ಕುಸಿದವರಿಗೆ ಡಾಕ್ಟರೇ ಬೇಕು, ಮರಳಿನ ಚೀಲ ಸಾಲದು. ಆದರೆ ತನ್ನ ಮೈ ತನ್ನ ಮಾತು ಕೇಳುತ್ತದೆ ಅಂತ ಒಂದು ಸಲ ಗೊತ್ತಾದವಳು ಬೇರೆ ಥರ ನಿಲ್ಲುತ್ತಾಳೆ. ನಾನು ಟೈಲರ್, ನಿಲ್ಲುವ ರೀತಿ ಬದಲಾದರೆ ನನಗೆ ಮೊದಲು ಗೊತ್ತಾಗುತ್ತದೆ, ರವಿಕೆಯ ಬೆನ್ನಿನ ಅಳತೆ ಬದಲಾಗುತ್ತದೆ. ಮೈ ಬೆಳೆಸುವುದು ತಲೆ ಇಲ್ಲದವರ ಕೆಲಸ ಅನ್ನುವವರಿಗೆ ಒಂದು ಮಾತು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ಹೆಸರಾಗಿದ್ದ ಕೆ.ವಿ. ಅಯ್ಯರ್ ಕನ್ನಡದ ಕಾದಂಬರಿಕಾರರೂ ಹೌದು. ಅವರಿಗೆ ತೋಳಿಗೂ ಬಿಡುವಿತ್ತು, ಪೆನ್ನಿಗೂ ಬಿಡುವಿತ್ತು. ಆ ಬಿಡುವು ಹೂವಿನ ಅಕ್ಕನಿಗೂ ಬೇಕು, ಅಷ್ಟೇ.

ಜಾಗ ಕೊಟ್ಟರೆ ಹೆಂಗಸರು ಬರುತ್ತಾರಾ ಅಂತ ನಿಮಗೆ ಅನುಮಾನ ಇರಬಹುದು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಬಸ್ಸು ನೋಡಿದ್ದೀರಲ್ಲ? ಅಡ್ಡ ಇದ್ದದ್ದು ಟಿಕೆಟ್ ದುಡ್ಡು, ಅದು ಹೋಯಿತು, ಹೆಂಗಸರು ಹೊರಟರು. ಪಾರ್ಕಿಗೆ ಅಡ್ಡ ಇರುವುದು ಬೀಗ, ಕತ್ತಲೆ, ಶೌಚಾಲಯ. ಬೆಂಗಳೂರಿನ ಪಾರ್ಕುಗಳೂ ಮೊದಲು ಬೆಳಗ್ಗೆ 10ಕ್ಕೆ ಮುಚ್ಚಿ ಮಧ್ಯಾಹ್ನ ಒಂದೂವರೆಗೆ ತೆಗೆಯುತ್ತಿದ್ದವು. 2024ರಲ್ಲಿ ಬೆಳಗ್ಗೆ 5ರಿಂದ ರಾತ್ರಿ 10ರ ತನಕ ತೆಗೆದಿರಬೇಕು ಅಂತ ಸರ್ಕಾರವೇ ಹೇಳಿತು. ಬೆಂಗಳೂರಿನವರ ಮಂಡಿ ಬೇರೆ, ನಮ್ಮ ಮಂಡಿ ಬೇರೆಯಾ? ಪ್ರೇಮಿಗಳು ಬಂದು ಕೂರುತ್ತಾರೆ, ಅದಕ್ಕೆ ಮುಚ್ಚುತ್ತೇವೆ ಅಂತ ಒಬ್ಬರು ಸಿಬ್ಬಂದಿ ನನಗೆ ಹೇಳಿದರು. ಕೂರಲಿ ಬಿಡಿ. ನಾವು ಇಪ್ಪತ್ತು ಜನ ಹೆಂಗಸರು ಮರಳು ಚೀಲ ಎತ್ತುತ್ತಾ ನಿಂತರೆ ಅವರೇ ಬೇರೆ ಜಾಗ ನೋಡಿಕೊಳ್ಳುತ್ತಾರೆ.

ದುಡ್ಡಿಲ್ಲ ಅನ್ನಬೇಡಿ. ಗೇಟು ತೆಗೆಯುವುದಕ್ಕೆ ದುಡ್ಡು ಬೇಡ. ರಾತ್ರಿ 9ರ ತನಕ ನಾಲ್ಕು ಲೈಟು, ಬಾಗಿಲಿಗೆ ಚಿಲಕ ಇರುವ ಒಂದು ಶೌಚಾಲಯ, ವಾರಕ್ಕೆ ಕೆಲವು ದಿನ ಹೇಳಿಕೊಡುವುದಕ್ಕೆ ಒಬ್ಬರು ಹೆಂಗಸು, ಇಷ್ಟಕ್ಕೆ ನಿಮ್ಮ ಬಜೆಟ್ ಮುಳುಗುವುದಿಲ್ಲ. ಹೇಳಿಕೊಡುವವರನ್ನು ಊರಲ್ಲೇ ಹುಡುಕಿ, ರಿಟೈರ್ ಆದ ಪಿಇ ಟೀಚರ್, ಹಳೇ ಕಬಡ್ಡಿ ಆಟಗಾರ್ತಿ ಯಾರಾದರೂ ಇದ್ದೇ ಇರುತ್ತಾರೆ. ಅಂಗವಿಕಲರಿಗೆ ಅಂತ ಶೇ. 5ರ ನಿಧಿ ನಿಮ್ಮ ಕೈಯಲ್ಲಿ ಇದೆ, ಗೇಟಿನ ಮೆಟ್ಟಿಲ ಪಕ್ಕ ಒಂದು ಇಳಿಜಾರು ಹಾಕಿಸಿ, ಗಾಲಿಕುರ್ಚಿಯವರಿಗೂ ಕೈ ಬಲ ಮಾಡಿಕೊಳ್ಳಬೇಕು ಅನ್ನಿಸುತ್ತದೆ. ಮತ್ತೆ ಬಡ ಹೆಂಗಸರಿಗೆ ಅಂತ ಪ್ರತಿ ಸಲ ಹೊಲಿಗೆ ಮೆಷಿನ್ ಹಂಚುವುದನ್ನು ಒಂದು ವರ್ಷ ನಿಲ್ಲಿಸಿ ನೋಡಿ. ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ, ನಮ್ಮೂರಲ್ಲಿ ಈಗ ಗಿರಾಕಿಗಳಿಗಿಂತ ಟೈಲರ್‌ಗಳೇ ಜಾಸ್ತಿ.

ಬಜೆಟ್ ಪೂರ್ವಭಾವಿ ಸಭೆ ಅಂತ ಒಂದು ಕರೆಯುತ್ತೀರಿ. ಸಾರ್ವಜನಿಕರು ಸಲಹೆ ಕೊಡಬಹುದು ಅಂತ ಪತ್ರಿಕೆಯ ಮೂಲೆಯಲ್ಲಿ ಹಿಂದಿನ ದಿನ ಎರಡು ಸಾಲು ಬರುತ್ತದೆ, ಅಂಗಡಿ ಬೀದಿಯ ನಾಲ್ಕು ಗಂಡಸರು ಬಂದು ಚರಂಡಿ ಬಗ್ಗೆ ಮಾತಾಡಿ ಟೀ ಕುಡಿದು ಹೋಗುತ್ತಾರೆ. ಈ ಸಲ ಒಂದು ವಾರ ಮುಂಚೆ ತಿಳಿಸಿ, ಆಟೋದಲ್ಲಿ ಮೈಕು ಕಟ್ಟಿ ಕೂಗಿಸಿದರೂ ಸರಿ. ಸಂಜೆ ಹಾಲಿನ ಹೊತ್ತಿಗೆ ಮಾತ್ರ ಇಡಬೇಡಿ. ತಾರಸಿಯವರೆಲ್ಲ ಬರುತ್ತೇವೆ, ಅರ್ಜಿ ಬರೆದು ಸಹಿ ಹಾಕಿಸಿ ಇಟ್ಟಿದ್ದೇವೆ. ಹತ್ತು ಕಿಲೋ ಚೀಲವನ್ನೂ ತರುತ್ತೇವೆ, ಸದಸ್ಯರಲ್ಲಿ ಯಾರಿಗಾದರೂ ಎತ್ತಿ ನೋಡಬೇಕು ಅನ್ನಿಸಿದರೆ.

ಇಂತಿ,
ನಿಮ್ಮ ವಾರ್ಡಿನ ಒಬ್ಬ ಟೈಲರಮ್ಮ